ಹೆರಿಟೇಜ್ ಹೋಟೆಲಿನ ಮ್ಯಾನೇಜರಿಗೊಂದು ಕೃತಜ್ಞತಾ ಪತ್ರ

ಗೆ,
ಮಾನ್ಯ ಜನರಲ್ ಮ್ಯಾನೇಜರ್ ಅವರು,
ಅರಸರ ಕಾಲದ ಒಂದಾನೊಂದು ಹೋಟೆಲು,
ಮೈಸೂರು.

ವಿಷಯ: ತಮ್ಮ ಹೋಟೆಲಿನಲ್ಲಿ ತಂಗಿ, ಉಂಡು, ಕ್ಷೇಮವಾಗಿ ಹೊರಬಂದ ಬಗ್ಗೆ.
ಉಲ್ಲೇಖ: 1. 'ಮಹಾರಾಜರಂತೆ ಬಾಳಿ' ಎಂಬ ತಮ್ಮ ಜಾಹೀರಾತು. 2. ತಮ್ಮ ಬಿಲ್ಲು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಕಳೆದ ಮಳೆಗಾಲದಲ್ಲಿ ನಾನು, ನನ್ನ ಹೆಂಡತಿ ಮತ್ತು ನಮ್ಮತ್ತೆಯವರು ತಮ್ಮಲ್ಲಿ ಅತಿಥಿಗಳಾಗಿದ್ದೆವು. ಹೋಟೆಲಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಒಬ್ಬರ ಹೆಸರು ಬರೆದರೆ ನಾಡಿನಲ್ಲಿರುವ ಇಂಥದೇ ಮಿಕ್ಕ ಹೋಟೆಲಿನವರು 'ನಮ್ಮನ್ನೇಕೆ ಬಿಟ್ಟಿರಿ' ಎಂದು ನೊಂದುಕೊಂಡಾರು. ಹೊರಡುವಾಗ ತಮ್ಮ ಕೌಂಟರಿನಲ್ಲಿ ಅಭಿಪ್ರಾಯದ ಹಾಳೆಯೊಂದನ್ನು ಕೊಟ್ಟರು. ಅದರಲ್ಲಿ 'ಅತ್ಯುತ್ತಮ', 'ಉತ್ತಮ', 'ಸಾಧಾರಣ' ಎಂಬ ಮೂರೇ ಚೌಕಗಳು. ನನ್ನ ಅಭಿಪ್ರಾಯ ಆ ಚೌಕಗಳಲ್ಲಿ ಹಿಡಿಸದೆ ಹೋದದ್ದರಿಂದ ಈ ಬಹಿರಂಗ ಪತ್ರ.

ಮೊದಲಿಗೆ ತಮ್ಮ ಮುಂಬಾಗಿಲನ್ನು ಹೊಗಳಲೇಬೇಕು. ಕಂಬಗಳಿಗೆ ಹೊಸ ಬಿಳಿ ಬಣ್ಣ, ಮೆಟ್ಟಿಲಿಗೆ ಕೆಂಪು ಹಾಸು, ಪೋರ್ಟಿಕೋದಲ್ಲಿ ಹಿತ್ತಾಳೆ ಹಂಡೆಯ ತುಂಬ ಹೂವಿನ ಪಕಳೆ. ನಾವು ಆಟೋ ಇಳಿದಾಗ ಮೆಟ್ಟಿಲ ಮೇಲೆ ಪ್ರೀ-ವೆಡ್ಡಿಂಗ್ ಶೂಟ್ ನಡೆದಿತ್ತು. ಹುಡುಗಿಯ ಲೆಹೆಂಗಾ ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿದು ಆಟೋದ ಚಕ್ರದವರೆಗೂ ಬಂದಿತ್ತು. "ಅಂಕಲ್, ಫ್ರೇಮಲ್ಲಿ ಬರ್ತಿದೀರಾ, ಸ್ವಲ್ಪ ಸೈಡಿಗೆ" ಎಂದು ಡ್ರೋನ್ ಹಾರಿಸುತ್ತಿದ್ದ ಹುಡುಗ ವಿನಯದಿಂದಲೇ ಹೇಳಿದ. ನಾವು ಸೂಟ್‌ಕೇಸ್ ಸಮೇತ ಅಡುಗೆಮನೆ ಕಡೆಯ ಓಣಿಯಿಂದ ಒಳಗೆ ಬಂದೆವು. ಅದರಿಂದ ಉಪಕಾರವೇ ಆಯಿತು. ತಮ್ಮ ಬಣ್ಣ ಎಲ್ಲಿಗೆ ಮುಗಿಯುತ್ತದೆ ಎಂಬುದು ಬೇಗ ತಿಳಿಯಿತು. ಕ್ಯಾಮೆರಾದ ಕಣ್ಣು ಹೋಗುವಷ್ಟು ದೂರ ಬಣ್ಣವಿದೆ, ಅಲ್ಲಿಂದಾಚೆ ಪಾಚಿಯದೇ ಆಡಳಿತ. ಹಿಂಗೋಡೆಯ ಕಾರ್ನಿಸಿನಲ್ಲಿ ಅರಳಿ ಗಿಡವೊಂದು ಬೇರು ಬಿಟ್ಟು ಸೊಂಪಾಗಿ ಬೆಳೆದಿದೆ. ಇನ್ನು ಕೆಲವು ವರ್ಷ ಹೀಗೇ ಬಿಟ್ಟರೆ ಕಟ್ಟೆ ಕಟ್ಟಿ, ನಾಗರಕಲ್ಲು ನಿಲ್ಲಿಸಿ, ಪ್ರದಕ್ಷಿಣೆಗೂ ದರ ಗೊತ್ತುಮಾಡಬಹುದು.

ಕೊಠಡಿಯ ಬಾಗಿಲು ತೆಗೆಯುತ್ತ ತಮ್ಮ ಹುಡುಗ, "ಹಿಂದೆ ಇದರಲ್ಲಿ ಒಬ್ರು ಬ್ರಿಟಿಷ್ ಸಾಹೇಬ್ರು ಉಳಿದಿದ್ರಂತೆ ಸರ್" ಎಂದ. ಹಾಸಿಗೆಯ ನಡುವಿನ ಗುಳಿ ನೋಡಿದರೆ ಅವರು ಆಗತಾನೆ ಎದ್ದು ಹೋದಂತಿತ್ತು. ಬಚ್ಚಲಿನ ಬಲ್ಬು ಉರಿಯುತ್ತಿರಲಿಲ್ಲ. ಇದೇ ಊರಿನ ಅರಮನೆ ದಸರೆಯಲ್ಲಿ ಸುಮಾರು ಒಂದು ಲಕ್ಷ ಬಲ್ಬುಗಳಿಂದ ಝಗಝಗಿಸುತ್ತದೆ. ತಾವು ಅದರಲ್ಲೊಂದನ್ನು ಕಡ ಕೇಳಿದ್ದರೂ ಇಲ್ಲವೆನ್ನುತ್ತಿರಲಿಲ್ಲ. ಮೊಬೈಲ್ ಚಾರ್ಜು ಮಾಡಲು ಇದ್ದ ಒಂದೇ ಪ್ಲಗ್ಗು ತೇಗದ ಬೀರುವಿನ ಹಿಂದಿತ್ತು. ಶಿವನಸಮುದ್ರದ ಕರೆಂಟು 1902ರಲ್ಲೇ ತಂತಿ ಏರಿ ಕೋಲಾರದ ಚಿನ್ನದ ಗಣಿ ಮುಟ್ಟಿತ್ತು. ಅಷ್ಟು ದೂರ ಓಡಿದ ಕರೆಂಟಿಗೆ ತಮ್ಮ ಬೀರು ದಾಟಿ ಈಚೆಗೆ ಬರಲಾಗಲಿಲ್ಲ. ಸೋಪಿನ ಮಾತಿಗೆ ಬಂದರೆ, ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಗಿ ನೂರು ವರ್ಷ ದಾಟಿದೆ. ತಮ್ಮ ಬಚ್ಚಲಲ್ಲಿ ಇಟ್ಟದ್ದು ಹೆಸರೂ ಇಲ್ಲದ, ವಾಸನೆಯೂ ಇಲ್ಲದ, ಬೆರಳುಗುರಿನ ಗಾತ್ರದ ಒಂದು ಬಿಳಿ ಬಿಲ್ಲೆ.

ಪ್ರತಿ ಸಲ ಕೌಂಟರಿಗೆ ಫೋನು ಮಾಡಿದೆ. ಬಲ್ಬಿಗೂ, ಪ್ಲಗ್ಗಿಗೂ, ಬೆಳಿಗ್ಗೆ ಆರರ ತಣ್ಣೀರಿಗೂ ತಮ್ಮವರಲ್ಲಿ ಒಂದೇ ಉತ್ತರ ಸಿದ್ಧವಿತ್ತು: "ಹೆರಿಟೇಜ್ ಬಿಲ್ಡಿಂಗ್ ಅಲ್ವಾ ಸರ್, ಹಾಗೇ ಇರುತ್ತೆ."

ನಾನು ನಂಬಿಬಿಡುತ್ತಿದ್ದೆ. ಆದರೆ ನಮ್ಮತ್ತೆ ಜೊತೆಗಿದ್ದರು. ಅವರು ಹುಟ್ಟಿ ಬೆಳೆದದ್ದು ಇದೇ ಮೈಸೂರಿನ ಅಗ್ರಹಾರದ ಗಾರೆ ಗೋಡೆಯ ಮನೆಯಲ್ಲಿ. ಮಂಚದ ತಲೆಯ ಮೇಲಿನ ಗೋಡೆಯಲ್ಲಿ ತೇವ ಬಿಡಿಸಿದ್ದ ದೊಡ್ಡ ಚಿತ್ರವನ್ನು ಕನ್ನಡಕ ಹಾಕಿಕೊಂಡು ನೋಡಿ, "ಇದು ಯಾವ ದೇಶದ ಮ್ಯಾಪು?" ಎಂದರು. ಆಮೇಲೆ ಉಗುರಿನಿಂದ ಕೆರೆದು, ಬೂದು ಬಣ್ಣದ ಪುಡಿ ಕಂಡು, "ಅಯ್ಯೋ, ಸಿಮೆಂಟ್ ಮೆತ್ತಿದಾರಲ್ಲೋ" ಎಂದು ತಲೆ ಚಚ್ಚಿಕೊಂಡರು. ಅವರಿಂದಲೇ ನನಗೆ ಪಾಠವಾಯಿತು. ಸುಣ್ಣ, ಮರಳು, ಬೆಲ್ಲದ ನೀರು, ಅಳಲೆಕಾಯಿ ಕಷಾಯ ಹಾಕಿ ಅರೆದ ಗಾರೆ ಉಸಿರಾಡುತ್ತದೆ. ಮಳೆಗಾಲದಲ್ಲಿ ಕುಡಿದ ನೀರನ್ನು ಬಿಸಿಲು ಬಂದಾಗ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟು ಮೆತ್ತಿ, ಪ್ಲಾಸ್ಟಿಕ್ ಪೇಂಟು ಬಳಿದರೆ ನೀರಿಗೆ ಹೊರಬರಲು ದಾರಿಯಿಲ್ಲ. ಒಳಗೇ ಕೂತು ಉಪ್ಪು ಕಕ್ಕಿಸುತ್ತದೆ, ಗೋಡೆ ಹೊಟ್ಟೆಯುಬ್ಬಿ ಪದರ ಪದರವಾಗಿ ಉದುರುತ್ತದೆ. ಅಂದರೆ ಮಾನ್ಯರೇ, ತಮ್ಮ ಗೋಡೆ ಸೋರುತ್ತಿರುವುದು ಅದು ಹಳೆಯದೆಂದಲ್ಲ. ಇತ್ತೀಚೆಗೆ ಯಾರೋ ಟೆಂಡರಿನಲ್ಲಿ ಅದನ್ನು 'ರಿಪೇರಿ' ಮಾಡಿದ್ದಾರೆಂದು. ನೂರು ವರ್ಷದ ಹಿಂದಿನ ಗಾರೆಯವನ ಮೇಲೆ ತಾವು ಹೊರಿಸುತ್ತಿರುವ ಆರೋಪದಿಂದ ಅವನನ್ನು ಬಿಡುಗಡೆ ಮಾಡಬೇಕೆಂದು ಕೋರುತ್ತೇನೆ.

ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಹೆರಿಟೇಜ್ ಹೋಟೆಲುಗಳದೇ ಒಂದು ವರ್ಗ ಮಾಡಿದೆಯಲ್ಲ, ಅದರ ನಿಯಮಗಳನ್ನೂ ಓದಿದೆ. 1950ಕ್ಕಿಂತ ಮುಂಚೆ ಕಟ್ಟಿದ ಅರಮನೆಯೋ, ಕೋಟೆಯೋ, ಹವೇಲಿಯೋ, ಬೇಟೆ ಬಂಗಲೆಯೋ ಆಗಿರಬೇಕು. ಕಡೇಪಕ್ಷ 5 ಕೊಠಡಿಗಳಿರಬೇಕು. ಕಟ್ಟಡದ ಮುಖ ಮತ್ತು ಲಕ್ಷಣ ಆ ಸೀಮೆಯ ಸಾಂಪ್ರದಾಯಿಕ ಜೀವನಕ್ಕೆ ಒಪ್ಪುವಂತಿರಬೇಕು. ಸೋರಬೇಕು ಎಂಬ ನಿಯಮಕ್ಕಾಗಿ ಬಹಳ ಹುಡುಕಿದೆ, ಸಿಗಲಿಲ್ಲ. ಬಕೆಟ್ಟಿನಲ್ಲಿ ಬಿಸಿನೀರು ತಂದುಕೊಟ್ಟದ್ದನ್ನು ಬೇಕಿದ್ದರೆ 'ಸಾಂಪ್ರದಾಯಿಕ ಜೀವನ'ದ ಕೆಳಗೆ ಬರೆದುಕೊಳ್ಳಿ.

ಇನ್ನು ತಮ್ಮ ರೆಸ್ಟೋರೆಂಟು. ಎತ್ತರದ ಛಾವಣಿ, ತೂಗುದೀಪ, ಬೆಲ್ಜಿಯಂ ಕನ್ನಡಿ, ಸಬ್‌ರಿಜಿಸ್ಟ್ರಾರ್ ಕಚೇರಿಯ ದಫ್ತರದಷ್ಟು ಭಾರದ ಮೆನು. 'ಅರಮನೆಯ ಅಡುಗೆಮನೆಯಿಂದ' ಎಂಬ ಪುಟದಲ್ಲಿ ಮೊದಲನೆಯದು ದರ್ಬಾರ್ ಪನೀರ್, ಎರಡನೆಯದು ಮಹಾರಾಜ ಗೋಬಿ ಮಂಚೂರಿ. "ಯಾವ ಮಹಾರಾಜರಪ್ಪ ಮಂಚೂರಿ ತಿಂದೋರು?" ಎಂದು ಅತ್ತೆಯವರು ಕೇಳಿದರು. "ಮೆನು ಹೊರಗಿನೋರು ಮಾಡ್ಕೊಟ್ಟಿದ್ದು ಅಮ್ಮಾ" ಎಂದರು ಬಡಿಸುವವರು. ಮೈಸೂರು ಪಾಕು ಹುಟ್ಟಿದ್ದು ಈ ಊರಿನ ಅರಮನೆಯ ಅಡುಗೆಮನೆಯಲ್ಲಿ, ಕಾಕಾಸುರ ಮಾದಪ್ಪನವರ ಕೈಯಲ್ಲಿ ಎನ್ನುತ್ತಾರೆ. ಸಿಹಿ ಏನಿದೆ ಎಂದರೆ ತಮ್ಮಲ್ಲಿರುವುದು ಬ್ರೌನಿ ವಿತ್ ಐಸ್‌ಕ್ರೀಂ. ನಂಜನಗೂಡಿನ ರಸಬಾಳೆ, ಮೈಸೂರು ವೀಳ್ಯದೆಲೆ, ಮೈಸೂರು ಮಲ್ಲಿಗೆ ಮೂರಕ್ಕೂ ಭೌಗೋಳಿಕ ಸೂಚಕದ ಗೌರವ ಸಂದಿದೆ. ಆಟೋದಲ್ಲಿ ದೇವರಾಜ ಮಾರುಕಟ್ಟೆಗೆ ಹೋದರೆ ಸಿಕ್ಕುತ್ತವೆ. ತಮ್ಮ ಬೆಳಗಿನ ಬಫೆಯಲ್ಲಿದ್ದದ್ದು ವಾಷಿಂಗ್ಟನ್ ಸೇಬಿನ ಹೋಳು, ಕಿವಿ ಹಣ್ಣು, ಬಟನ್ ಒತ್ತಿದರೆ ನೊರೆ ಉಗುಳುವ ಮಿಷನ್ ಕಾಫಿ. ಅಂದರೆ ಬದಲಾಗಬೇಕಾದ ಬಲ್ಬು, ಹಾಸಿಗೆ, ನಲ್ಲಿ ಹಳೆಯವಾಗಿಯೇ ಉಳಿದಿವೆ. ಉಳಿಯಬೇಕಾದ ಕಾಫಿ, ಪಾಕು, ಬಾಳೆಹಣ್ಣು ಬದಲಾಗಿವೆ. ಪರಂಪರೆಯನ್ನು ಹೀಗೆ ತಲೆಕೆಳಗಾಗಿ ಕಾಪಾಡಲೂ ಒಂದು ಪ್ರತಿಭೆ ಬೇಕು.

ಬಡಿಸಿದ ಹಿರಿಯರ ಬಗ್ಗೆ ಮಾತ್ರ ವ್ಯಂಗ್ಯವಿಲ್ಲ. ಎಲ್ಲ ತಲೆಗೂ ಒಂದೇ ಅಳತೆಯಲ್ಲಿ ಹೊಲಿಸಿದ ಮೈಸೂರು ಪೇಟ ಅವರ ಹುಬ್ಬಿಗಿಳಿದಿತ್ತು. ನಮ್ಮ ಸೂಟ್‌ಕೇಸ್ ಹೊತ್ತವರೂ ಅವರೇ, ಬಕೆಟ್ಟು ತಂದವರೂ ಅವರೇ. ದೋಸೆ ತಣ್ಣಗಿದೆ ಎನ್ನುವುದಕ್ಕೆ ಮುಂಚೆಯೇ ಮುಖ ನೋಡಿ ಬೇರೆ ತಂದರು. ಕಾಫಿ ಮಿಷನ್ನಿನ ಬಗ್ಗೆ ಗೊಣಗಿದಾಗ ಕಣ್ಣು ಮಿಟುಕಿಸಿ ಒಳಗೆ ಹೋಗಿ, ಸಿಬ್ಬಂದಿಗೆಂದು ಇಳಿಸಿದ್ದ ಡಿಕಾಕ್ಷನ್ನಿನಲ್ಲಿ ಮೂರು ಲೋಟ ಕಾಫಿ ತಂದಿಟ್ಟರು. ಅವರು ಹೇಳಿದ ಒಂದು ಮಾತು ತಮ್ಮ ಮಾಲೀಕರ ಸಭೆಯಲ್ಲಿ ಓದಬೇಕಾದದ್ದು: "ನಾನು ಸೇರಿದಾಗ ಇಲ್ಲಿ ಒಬ್ರು ಬಡಗಿ, ಇಬ್ರು ಗಾರೆಯೋರು ಪರ್ಮನೆಂಟ್ ಇದ್ರು ಸರ್. ಮಳೆ ನಿಂತ್ರೆ ಸಾಕು, ದಸರಾ ಒಳಗೆ ಇಡೀ ಬಿಲ್ಡಿಂಗ್ ಒಂದ್ಸುತ್ತು ನೋಡೋರು. ಅವ್ರು ರಿಟೈರ್ ಆದ್ಮೇಲೆ ಆ ಜಾಗಕ್ಕೆ ಯಾರೂ ಬರ್ಲಿಲ್ಲ." ಬಂದಿದ್ದಾರೆ, ನಾನು ನೋಡಿದೆ. ಗಾರೆಯವರಿದ್ದ ಕೋಣೆಯ ಮೇಲೀಗ 'ಬ್ರ್ಯಾಂಡ್ ಮತ್ತು ಈವೆಂಟ್ಸ್' ಎಂಬ ಬೋರ್ಡಿದೆ.

ಹಳೆಯದೆಂದರೆ ಹೀಗೇ ಎನ್ನುವುದಾದರೆ ಬೆಂಗಳೂರಿನ ಕಡೆ ಒಮ್ಮೆ ತಿರುಗಿ ನೋಡಿ. ಎಂಟಿಆರ್ ಹೋಟೆಲು 1924ರದು. ಅದರ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪು ಸುತ್ತಿ ಬಂದು, ಅಲ್ಲಿ ಕಂಡ ಶುಚಿಯನ್ನು ತಟ್ಟೆ ಲೋಟ ತೊಳೆಯುವ ಕಡೆಗೇ ಮೊದಲು ತಂದರು. ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ಕಾಣಲಿ ಎಂದು ಬಾಗಿಲು ತೆರೆದಿಟ್ಟರು. ಗಾಂಧಿಬಜಾರಿನ ವಿದ್ಯಾರ್ಥಿ ಭವನ ಬಾಗಿಲು ತೆಗೆದದ್ದು 1943ರಲ್ಲಿ. ಅಲ್ಲಿ ಇಂದಿಗೂ ದೋಸೆಗಾಗಿ ಜನ ಹೊರಗೆ ಕಾಯುತ್ತಾರೆ. ಅಲ್ಲಿನ ಹಳೆತನವನ್ನು ಯಾರೋ ದಿನಾ ಬೆಳಿಗ್ಗೆ ತಿಕ್ಕಿ ತೊಳೆಯುತ್ತಾರೆ. ತಮ್ಮಲ್ಲಿ ಅದಕ್ಕೆ ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿದ್ದಾರೆ, ಚೌಕಟ್ಟಿನ ಮೇಲೂ ಧೂಳಿದೆ.

ಈಗ ಉಲ್ಲೇಖ 2, ಅಂದರೆ ಬಿಲ್ಲು. ಕೊಠಡಿ ದರ 7,500 ರೂಪಾಯಿ ದಾಟಿದ ಹೋಟೆಲಿನೊಳಗೆ ಕೂತು ತಿಂದ ಇಡ್ಲಿಗೆ ಜಿಎಸ್‌ಟಿ ಶೇ 18. ಅದೇ ಇಡ್ಲಿಯನ್ನು ಎದುರು ರಸ್ತೆಯ ಹೋಟೆಲಿನಲ್ಲಿ ತಿಂದರೆ ಶೇ 5. ಇದು ಸರ್ಕಾರದ ಲೆಕ್ಕ, ತಮ್ಮನ್ನು ದೂರುವಂತಿಲ್ಲ. ಆದರೆ ಅದರ ಮೇಲಿನ ಸಾಲಿನಲ್ಲಿದ್ದ 'ಸೇವಾ ಶುಲ್ಕ' ತಮ್ಮದೇ. ಕೇಳದೆ ಬಿಲ್ಲಿಗೆ ಅದನ್ನು ಸೇರಿಸಕೂಡದೆಂದು ಕೇಂದ್ರ ಗ್ರಾಹಕರ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು. ದೆಹಲಿ ಹೈಕೋರ್ಟು 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿಯಿತು. ಇದನ್ನು ನೆನಪಿಸಿದಾಗ ತಮ್ಮ ಕ್ಯಾಷಿಯರು ಎದುರು ಮಾತಿಲ್ಲದೆ ತೆಗೆದುಹಾಕಿ, "ಕೇಳಿದೋರಿಗೆ ತೆಗೀತೀವಿ ಸರ್" ಎಂದರು. ಕೇಳದವರ ದುಡ್ಡು ಪೇಟದ ಆ ಹಿರಿಯರ ಕೈಗಾದರೂ ಸೇರುತ್ತದೆಯೇ ಎಂದೆ. ಅವರು ಕಂಪ್ಯೂಟರಿನ ಕಡೆ ತಿರುಗಿಕೊಂಡರು.

ಇದುವರೆಗೆ ನಗುತ್ತ ಬರೆದೆ. ಇನ್ನು ನಗು ಬರುತ್ತಿಲ್ಲ. ಜೈಪುರದ ರಾಮಬಾಗ್ ಅರಮನೆ 1957ರಲ್ಲಿ ಹೋಟೆಲಾಯಿತು, ಉದಯಪುರದ ಸರೋವರದ ನಡುವಿನ ಅರಮನೆ 1963ರಲ್ಲಿ. 1971ರಲ್ಲಿ ರಾಜಧನವೂ ನಿಂತ ಮೇಲೆ ದೇಶದ ಎಷ್ಟೋ ಕಟ್ಟಡಗಳಿಗೆ ಅದೇ ದಾರಿಯಾಯಿತು. ಅರಸರಿಗೇ ಸಾಕಲಾಗದ ಕಟ್ಟಡವನ್ನು ಅತಿಥಿಯ ದುಡ್ಡು ಸಾಕಲಿ ಎಂಬುದೇ ಅದರ ಹಿಂದಿನ ಒಪ್ಪಂದ. ಒಳ್ಳೆಯ ಒಪ್ಪಂದ. ಅತಿಥಿ ತನ್ನ ಪಾಲನ್ನು ಕೊಡುತ್ತಲೇ ಇದ್ದಾನೆ. ಕಟ್ಟಡಕ್ಕೆ ಅದರ ಪಾಲು ಮುಟ್ಟುತ್ತಿಲ್ಲ. ಮುಟ್ಟದಿದ್ದರೆ ಏನಾಗುತ್ತದೆಂದು ಬೇರೆ ಊರಿಗೆ ಹೋಗಿ ಕಲಿಯಬೇಕಿಲ್ಲ. ಇದೇ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಪಾಲು ಉರುಳಿತು. ಆಮೇಲೆ ಶುರುವಾದದ್ದು ಉಳಿಸುವುದೋ ಕೆಡಹುವುದೋ ಎಂಬ ವರ್ಷಗಟ್ಟಲೆಯ ಜಗ್ಗಾಟ. ಮೊದಲು ನೋಡಿಕೊಳ್ಳಬೇಡಿ, ಆಮೇಲೆ ಅಪಾಯಕಾರಿ ಎನ್ನಿ, ಕಡೆಗೆ ನೆಲಸಮ ಮಾಡಿ ಕಾಂಪ್ಲೆಕ್ಸ್ ಎಬ್ಬಿಸಿ. ಹಳೆಯ ಕಟ್ಟಡವನ್ನು ಕೊಲ್ಲಲು ಇದಕ್ಕಿಂತ ಸಲೀಸಾದ ದಾರಿಯಿಲ್ಲ. "ಹಾಗೇ ಇರುತ್ತೆ" ಎನ್ನುವ ತಮ್ಮ ಕೌಂಟರಿನ ಹುಡುಗನಿಗೆ ಗೊತ್ತಿಲ್ಲದ್ದು ಒಂದೇ: ನೋಡಿಕೊಳ್ಳದಿದ್ದರೆ ಅದು ಹಾಗೇ ಇರುವುದಿಲ್ಲ.

ಆದಕಾರಣ ತಾವು ದಯಮಾಡಿ ಈ ಕೆಳಕಂಡವನ್ನು ಪರಿಶೀಲಿಸಬೇಕಾಗಿ ಕೋರಿಕೆ:

1. ಕಾರ್ನಿಸಿನ ಅರಳಿ ಗಿಡವನ್ನು ಬೇರು ಸಮೇತ ತೆಗೆಸುವುದು. ದೇವರ ಶಾಪ ನನಗಿರಲಿ.
2. ಸಿಮೆಂಟು ಕೆತ್ತಿಸಿ ಗಾರೆ ಮಾಡಿಸುವುದು, ಗಾರೆ ಬಲ್ಲವರಿಗೆ ಖಾಯಂ ಕೆಲಸ ಕೊಡುವುದು.
3. ಮಹಾರಾಜ ಗೋಬಿ ಮಂಚೂರಿಯನ್ನು ಗೌರವದಿಂದ ನಿವೃತ್ತಿಗೊಳಿಸಿ, ಆ ಜಾಗಕ್ಕೆ ಮೈಸೂರು ಪಾಕನ್ನು ನೇಮಿಸುವುದು.
4. ಬಿಲ್ಲಿನಲ್ಲಿ ಸೇವಾ ಶುಲ್ಕದ ಸಾಲು ತೆಗೆದು 'ಕಟ್ಟಡದ ಆರೈಕೆ' ಎಂಬ ಸಾಲು ಹಾಕುವುದು. ಕೊಡುವುದೂ ಬಿಡುವುದೂ ಗಿರಾಕಿಯ ಇಷ್ಟವಿರಲಿ. ಆದರೆ ವರ್ಷಕ್ಕೊಮ್ಮೆ ಆ ಹಣದ ಲೆಕ್ಕವನ್ನು, ಯಾವ ಗೋಡೆಗೆ ಎಷ್ಟು ಎಂಬುದನ್ನು, ಆ ಧೂಳು ಹಿಡಿದ ಚೌಕಟ್ಟುಗಳ ಪಕ್ಕದಲ್ಲೇ ತೂಗುಹಾಕಬೇಕು. ಆ ಸಾಲಿಗೆ ನಾನು ತಕರಾರಿಲ್ಲದೆ ದುಡ್ಡು ಕೊಡುತ್ತೇನೆ.

ವಂದನೆಗಳೊಂದಿಗೆ,
ಇಂತಿ ತಮ್ಮ ಮಾಜಿ ಮಹಾರಾಜ

ವಿ.ಸೂ.: ಗಾರೆಯವರು ಬರುವ ದಿನ ಮುಂಚಿತವಾಗಿ ತಿಳಿಸಬೇಕು. ನಮ್ಮತ್ತೆಯವರು ಬಂದು, ಕುರ್ಚಿ ಹಾಕಿಕೊಂಡು, ಮುಂದೆ ಕೂತು ಕೆಲಸ ಮಾಡಿಸುತ್ತಾರಂತೆ. ಸಂಬಳ ಬೇಡವಂತೆ. ಸಿಬ್ಬಂದಿಗೆ ಇಳಿಸುವ ಆ ಡಿಕಾಕ್ಷನ್ನಿನ ಕಾಫಿ ಮಾತ್ರ ಹೊತ್ತು ಹೊತ್ತಿಗೆ ಬರಬೇಕಂತೆ.