ಕಾರ್ಬೊರೇಟರ್ ಎಂಬ ಆರೋಪಿ

ಹಳೆಯ ಅಂಬಾಸಡರ್ ರಸ್ತೆಯಲ್ಲಿ ನಿಂತರೆ ಬಾನೆಟ್ ಏಳುವ ಮೊದಲೇ ತೀರ್ಪು ಹೊರಬಿದ್ದಿರುತ್ತದೆ: ‘ಕಾರ್ಬೊರೇಟರ್‌ಗೆ ಕಸ ಬಂದಿದೆ ಸಾರ್.’ ಹೇಳಿದವರು ಎಳನೀರು ಮಾರುವವರಿರಬಹುದು, ಬಸ್ಸಿಗೆ ಕಾಯುತ್ತಿರುವ ನಿವೃತ್ತ ಮೇಷ್ಟ್ರಿರಬಹುದು. ಈಗಿನ ಕಾರು ಕೆಟ್ಟರೆ ಇವರಾರೂ ಹತ್ತಿರ ಸುಳಿಯರು. ಅದಕ್ಕೆ ಲ್ಯಾಪ್‌ಟಾಪ್ ಹಿಡಿದವನೇ ಬರಬೇಕು. ಹಳೆ ಕಾರಿನ ಎಂಜಿನ್ ಮೇಲೆ ಮಾತ್ರ ಊರವರಿಗೆಲ್ಲ ಹಕ್ಕಿದೆ.

ನಮ್ಮ ಮೇಸ್ತ್ರಿ ಎಲ್ಲರ ಸಲಹೆಗೂ ‘ಹೂಂ’ ಅನ್ನುತ್ತಾರೆ. ಕೈ ಮಾತ್ರ ಡಿಸ್ಟ್ರಿಬ್ಯೂಟರ್ ಮುಚ್ಚಳದ ಕಡೆಗೇ ಹೋಗುತ್ತದೆ. ಮೊದಲು ಕರೆಂಟು, ಆಮೇಲೆ ಪೆಟ್ರೋಲು ಎಂಬುದು ಅವರ ಕ್ರಮ. ಪಾಯಿಂಟ್ ಸುಟ್ಟು ಕರಿಗಟ್ಟಿದ್ದರೂ ಕಂಡೆನ್ಸರ್ ಕೈಕೊಟ್ಟಿದ್ದರೂ ಗಾಡಿ ಮಿಸ್ಸಿಂಗ್ ಹೊಡೆಯುತ್ತದೆ. ಬೈಗುಳ ಕಾರ್ಬೊರೇಟರಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಅಂಬಾಸಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ ಇಂಗ್ಲೆಂಡಿನ ಮೂಲದ್ದು; ಅದರೊಂದಿಗೆ ಬಂದದ್ದು ಎಸ್‌ಯು ಕಾರ್ಬೊರೇಟರ್. ಇದನ್ನು ರೂಪಿಸಿದ ಸ್ಕಿನ್ನರ್ ಸೋದರರದು ಪಾದರಕ್ಷೆ ವ್ಯಾಪಾರದ ಮನೆತನ. ಮನೆಯಲ್ಲಿ ಚರ್ಮಕ್ಕೇನು ಬರ? ಮೊದಮೊದಲ ಕಾರ್ಬೊರೇಟರುಗಳೊಳಗೆ ಗಾಳಿಯ ಸೆಳೆತಕ್ಕೆ ಏರಿಳಿಯುತ್ತಿದ್ದುದು ಚರ್ಮದ ತಿದಿ. ಲೋಹದ ಪಿಸ್ಟನ್ ಬಂದದ್ದು ಆಮೇಲೆ. ಇದನ್ನು ಹೇಳಿದಾಗ ಮೇಸ್ತ್ರಿ ತಲೆ ಎತ್ತದೆಯೇ ಅಂದರು: ‘ಅದಕ್ಕೇ ಸಾರ್, ಆಗಾಗ ಕಚ್ಚೋದು.’

ಕಚ್ಚಿಕೊಂಡಿದೆಯೋ ಇಲ್ಲವೋ ತಿಳಿಯಲು ಅವರಿಗೆ ಕಿವಿ ಸಾಕು. ನೆತ್ತಿಯ ಮೇಲಿನ ಮುಚ್ಚಳ ತಿರುಗಿಸಿ ಡ್ಯಾಂಪರ್ ಎಳೆದಿಡುತ್ತಾರೆ. ಅದರ ತುದಿಯಿಂದ ತೆಳು ಎಣ್ಣೆ ತೊಟ್ಟಿಕ್ಕುತ್ತದೆ. ಏರ್ ಫಿಲ್ಟರ್ ಕಳಚಿ, ಬಾಯೊಳಗೆ ಬೆರಳು ತೂರಿಸಿ, ಪಿಸ್ಟನ್ ಮೇಲೆತ್ತಿ ಬಿಡುತ್ತಾರೆ. ‘ಟಕ್’ ಎಂದು ಬಿದ್ದರೆ ಆರೋಗ್ಯ. ಸದ್ದಿಲ್ಲದೆ ತಡವರಿಸಿ ಇಳಿದರೆ ಸೂಜಿ ಸೊಟ್ಟಗಾಗಿರಬೇಕು, ಇಲ್ಲವೇ ಒಳಗೆ ಜಿಡ್ಡು ಕೂತಿರಬೇಕು. ಜಿಡ್ಡಿಗೆ ಪೆಟ್ರೋಲ್ ಬಟ್ಟೆಯೇ ಮದ್ದು. ಎಮರಿ ಕಾಗದ ಹಿಡಿದು ಬಂದ ಶಿಷ್ಯನಿಗೆ ಸಹಸ್ರನಾಮಾರ್ಚನೆ. ಆಮೇಲೆ ಎಂಜಿನ್ ಬಿಸಿಯಾಗಿ ಐಡ್ಲಿಂಗ್‌ನಲ್ಲಿರುವಾಗ ಪಿಸ್ಟನ್ನನ್ನು ಕೂದಲೆಳೆಯಷ್ಟು ಎತ್ತುತ್ತಾರೆ. ಎಂಜಿನ್ ವೇಗ ಏರಿ ಹಾಗೇ ನಿಂತರೆ ಪೆಟ್ರೋಲ್ ಹೆಚ್ಚು, ಆರಿಹೋಗುವಂತಾದರೆ ಕಡಿಮೆ, ತುಸು ಏರಿ ಸುಮ್ಮನಾದರೆ ಸರಿ. ಮೀಟರಿಲ್ಲ, ಪರದೆಯಿಲ್ಲ.

ಈಚೆಗೆ ಹೊಸ ಆರೋಪಿಯೊಬ್ಬ ಸಿಕ್ಕಿದ್ದಾನೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಪಡೆದ ಇ20 ಪೆಟ್ರೋಲ್, ಅಂದರೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್. ಕಬ್ಬಿನ ನಾಡಿನವರು ದೂರುವುದು ಹೇಗೆ? ಆದರೂ ಹೇಳಬೇಕು, ಮದ್ಯದ ರೂಢಿಯಿಲ್ಲದ ಹಳೆಯ ರಬ್ಬರು ಅದಕ್ಕೆ ಉಬ್ಬುತ್ತದೆ, ಬಿರಿಯುತ್ತದೆ. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಗಾಡಿಯಲ್ಲಿ ಎಥನಾಲ್ ತೇವವನ್ನೂ ಹೀರುತ್ತದೆ. ಪೈಪು, ಪಂಪಿನ ಡಯಾಫ್ರಂಗಳನ್ನು ಮೊದಲೇ ಬದಲಿಸಿಕೊಂಡವರು ಜಾಣರು.

ಇಷ್ಟೆಲ್ಲ ತಿಳಿದ ಮೇಸ್ತ್ರಿ, ದೋಷ ಬರೀ ಪಾಯಿಂಟಿನಲ್ಲಿದ್ದಾಗಲೂ ಕಾರ್ಬೊರೇಟರನ್ನೊಮ್ಮೆ ಬಿಚ್ಚಿ ಒರೆಸಿ ಕೂರಿಸುತ್ತಾರೆ. ಇಲ್ಲದಿದ್ದರೆ ಗಾಡಿ ಯಜಮಾನರಿಗೆ ದುಡ್ಡು ಕೊಡಲು ಮನಸ್ಸೇ ಬರುವುದಿಲ್ಲವಂತೆ.