ಥಾರ್ ಬಂತು, ಟ್ರ್ಯಾಕ್ಟರ್ ಕರೀರಿ!

ನಮ್ಮ ಕಡೆ ಮಹೀಂದ್ರಾ ಥಾರ್‌ನಂಥ ಫೋರ್ ಬೈ ಫೋರ್ ಗಾಡಿ ತಗೊಂಡ ಮಂದಿ ಮೊದಲ ತಿಂಗಳಲ್ಲೇ ಅದಕ್ಕೆ ಏನೇನು ಹಾಕಿಸುತ್ತಾರೆ ಅನ್ನೋದನ್ನ ನೀವೊಮ್ಮೆ ನೋಡಬೇಕು. ಮುಂದೆ ಕಬ್ಬಿಣದ ಬಂಪರು. ನೆತ್ತಿಯ ಮೇಲೆ ಸಾಲು ಲೈಟು. ಹಚ್ಚಿದರೆ ಎದುರಿಗೆ ಬರುವ ಎತ್ತಿಗೂ ಕಣ್ಣು ಕತ್ತಲೆ. ಹಿಂದಿನ ಗಾಜಿನ ಮೇಲೆ ಸಂಗೊಳ್ಳಿ ರಾಯಣ್ಣ ಅಥವಾ ಶಿವಾಜಿ, ಕೆಲವು ಉದಾರಿಗಳಲ್ಲಿ ಇಬ್ಬರೂ. ಅವರ ಕೆಳಗೆ ‘ರೈತನ ಮಗ’ ಅಂತ ದಪ್ಪ ಅಕ್ಷರ. ಬಾನೆಟ್ಟಿನ ಪಕ್ಕದಿಂದ ಮೇಲಕ್ಕೆ ಏರಿದ ಕರಿಯ ಕೊಳವೆ, ಅದರ ಹೆಸರು ಸ್ನಾರ್ಕೆಲ್. ಊರಿಗೆ ಗಾಡಿ ಬಂದದ್ದು ಮೂರು ಓಣಿಗೆ ಗೊತ್ತಾಗುವಂಥ ಹಾರ್ನು. ಒಟ್ಟಿನಲ್ಲಿ ಗಾಡಿಯ ಮೈಮೇಲೆ ಬಂಗಾರವೊಂದನ್ನು ಬಿಟ್ಟು ಎಲ್ಲ ಹಾಕಿಸುತ್ತಾರೆ. ಸ್ಟೇರಿಂಗಿನ ಹಿಂದೆ ಕೂಡುವ ಮಹಾನುಭಾವನ ತಲೆಯೊಳಗೆ ಮಾತ್ರ ಒಂದು ರೂಪಾಯಿದೂ ಹಾಕಿಸುವುದಿಲ್ಲ.

“ಟ್ರೇನಿಂಗ್ ಏನರ ತಗೊಂಡಿಯೇನಪಾ ತಮ್ಮಾ?” ಅಂತ ಕೇಳಿ ನೋಡಿ. ನಿಮ್ಮನ್ನು ಮೇಲಿಂದ ಕೆಳಗೆ ನೋಡುತ್ತಾನೆ. “ಯಾಕ್ರೀ ಕಾಕಾ, ಲೈಸನ್ಸ್ ಐತಲ್ಲ?”

ಲೈಸನ್ಸು ಐತಿ, ಖರೆ. ಗದಗಿನ ಕೆಎ-26ರ ಗಾಡಿ, ಕಿಸೆಯಲ್ಲಿ ಕಾರ್ಡು, ಎರಡೂ ಸಾಚಾ. ಆದರೆ ಆ ಕಾರ್ಡು ಕೊಡುವ ಮೊದಲು ಸಪಾಟು ಜಾಗದಲ್ಲಿ ಮುಂದೆ ಹೋಗಿ ಹಿಂದೆ ಬಾ ಅಂದಿರುತ್ತಾರೆ. 2021ರ ಜುಲೈಯಿಂದ ಕೇಂದ್ರ ಸರ್ಕಾರ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳಿಗೆ ಹೊಸ ನಿಯಮ ತಂದಿತು. ಲಘು ವಾಹನಕ್ಕೆ ನಾಲ್ಕು ವಾರದೊಳಗೆ 29 ತಾಸಿನ ಪಾಠ. ಅದರಲ್ಲಿ 8 ತಾಸು ಪುಸ್ತಕದ್ದು, 21 ತಾಸು ಗಾಡಿಯದ್ದು. ಹಳ್ಳಿ ರಸ್ತೆ, ಏರು, ಇಳುಕಲು ಎಲ್ಲ ಪಟ್ಟಿಯಲ್ಲಿವೆ. ಎರಿ ಮಣ್ಣು ಮಾತ್ರ ಇಲ್ಲ. ದಿಲ್ಲಿಯವರಿಗೆ ಎರಿ ಮಣ್ಣು ಗೊತ್ತಿರಬೇಕು ಅಂತ ನಾವು ಹಟ ಹಿಡಿಯುವುದೂ ಸರಿಯಲ್ಲ. ಗೊತ್ತಿರಬೇಕಾದವರು ರೋಣ, ನರಗುಂದದ ಮಂದಿ. ಅವರೇ ಮರೆತು ಕೂತಿದ್ದಾರೆ.

ಎರಿ ಮಣ್ಣಿನ ಸ್ವಭಾವ ಬ್ಯಾರೆ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಬಾಯಿ ತೆರೆದು ಮಲಗಿರುತ್ತದೆ, ಬಿದ್ದ ಕೀಲಿಕೈ ಸಿಗುವುದಿಲ್ಲ. ನಾಲ್ಕು ಹನಿ ಬಿದ್ದರೆ ಅದರೊಳಗಿನ ಜೇಡಿ ನೀರು ಕುಡಿದು ಉಬ್ಬುತ್ತದೆ. ಮೇಲಿನ ಎರಡು ಬೆರಳು ಬೆಣ್ಣೆ, ಕೆಳಗೆ ಅಂಟು. ಗಾಲಿ ಒಂದು ಸುತ್ತು ತಿರುಗಿದರೆ ಸಾಕು, ಟಾಯರಿನ ಹಲ್ಲಿನ ಸಂದಿಯೆಲ್ಲ ತುಂಬಿ ಸಾವಿರಾರು ರೂಪಾಯಿಯ ಮಡ್ ಟಾಯರು ಬೋಳಾಗುತ್ತದೆ. ಆಮೇಲೆ ತಿರುಗುವುದು ಗಾಲಿಯಲ್ಲ, ಗಾಲಿಯ ಆಕಾರದ ಮಣ್ಣಿನ ಮುದ್ದಿ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್, ಕ್ವೀನ್ಸ್‌ಲ್ಯಾಂಡ್ ಕಡೆಗೂ ಇಂಥದೇ ಕರಿ ಮಣ್ಣಿನ ಬಯಲುಗಳಿವೆ. ಅಲ್ಲಿ ಮಳೆ ಬಿದ್ದ ಕೂಡಲೆ ಮಣ್ಣಿನ ರಸ್ತೆ ಮುಚ್ಚುತ್ತಾರೆ; ಮುಚ್ಚಿದ ರಸ್ತೆಯಲ್ಲಿ ಗಾಡಿ ನುಗ್ಗಿಸಿದರೆ ದಂಡ ಹಾಕುತ್ತಾರೆ, ಅದು ಎಂಥ ಫೋರ್ ಬೈ ಫೋರೇ ಆಗಿರಲಿ. ನಮ್ಮಲ್ಲಿ ದಂಡ ಇಲ್ಲ, ಟ್ರ್ಯಾಕ್ಟರಿನವನಿಗೆ ಕೊಡುವ ದುಡ್ಡನ್ನೇ ದಂಡ ಅಂತ ತಿಳಿಯಬೇಕು.

ಹಿಂದಿನವರಿಗೆ ಈ ಬುದ್ಧಿ ಇತ್ತು. ಮರಾಠರ ದಂಡು ಮಳೆಗಾಲದಲ್ಲಿ ಮನೆಯಲ್ಲಿದ್ದು ದಸರೆ ಮುಗಿದ ಮೇಲೆ ಸೀಮೆ ದಾಟುತ್ತಿತ್ತು. ಆನೆ, ಕುದುರೆ, ತೋಪು ಎಳೆಯುವ ಎತ್ತು ಎಲ್ಲ ಇದ್ದವರೇ ನೆಲ ಆರುವ ತನಕ ಕಾದರು. ನಮ್ಮ ಹುಡುಗ ಆಷಾಢದ ಮಳೆಯಲ್ಲಿ, ಮೊಬೈಲಿನಲ್ಲಿ ವಿಡಿಯೋ ಹಚ್ಚಿಕೊಂಡು, ಗೆಳೆಯನನ್ನು ಪಕ್ಕಕ್ಕೆ ಕೂಡಿಸಿಕೊಂಡು ಹೊಲಕ್ಕೆ ಇಳಿಯುತ್ತಾನೆ. ಮಣ್ಣೆತ್ತಿನ ಅಮಾವಾಸ್ಯೆಗೆ ಇದೇ ಮಣ್ಣಿನಲ್ಲಿ ಎತ್ತು ಮಾಡಿ ಪೂಜೆ ಮಾಡುತ್ತೇವೆ. ಅದೇ ವಾರ ಇದೇ ಮಣ್ಣಿನಲ್ಲಿ ಥಾರ್ ಹೂತು ಅದಕ್ಕೂ ಒಂದು ಕೈ ಮುಗಿಯುತ್ತೇವೆ.

ಇನ್ನೊಂದು ಗುಟ್ಟು. ರಸ್ತೆ ಮೇಲೆ ಓಡಾಡುವ ಥಾರ್‌ಗಳೆಲ್ಲ ಫೋರ್ ಬೈ ಫೋರ್ ಅಲ್ಲ. ಹೊಸ ಥಾರ್ ಬಂದದ್ದು 2020ರಲ್ಲಿ. 2023ರ ಜನವರಿಯಲ್ಲಿ ಹಿಂದಿನ ಎರಡೇ ಗಾಲಿ ನೂಕುವ ಅಗ್ಗದ ಮಾಡೆಲ್ಲೂ ಬಂತು. ಹೊರಗಿನಿಂದ ಎರಡೂ ಒಂದೇ ಗತ್ತು. ಬಾಗಿಲು ತೆಗೆದು ಗೇರಿನ ಪಕ್ಕ ನೋಡಬೇಕು. ಅಸಲಿಯಲ್ಲಿ ಅಲ್ಲಿ ಎರಡನೆಯ ಗಿಡ್ಡ ಲಿವರ್ ಇರುತ್ತದೆ, ನಾಲ್ಕೂ ಗಾಲಿಗೆ ಶಕ್ತಿ ಕೊಡಲು, ಲೋ ಗೇರು ಹಾಕಲು. ಇನ್ನೊಂದರಲ್ಲಿ ಆ ಜಾಗಕ್ಕೆ ಸಾಮಾನು ಇಡುವ ಕುಳಿ. ಅದರಲ್ಲಿ ನಮ್ಮವರು ಅಡಕಿ ಚೀಟು ಇಡುತ್ತಾರೆ. ಅಡಕಿ ಕುಳಿಯ ಮಾಲಕರು ಹೊಲಕ್ಕೆ ಇಳಿದರೆ ಅವರನ್ನು ಕ್ಷಮಿಸಬಹುದು, ಅವರಿಗೆ ಲಿವರೇ ಇಲ್ಲ. ಲಿವರ್ ಇದ್ದೂ ಅದನ್ನು ಮುಟ್ಟದವರಿಗೆ ಏನನ್ನಬೇಕು? ಕೆಲವರು ತಿಂಗಳುಗಟ್ಟಲೆ ಅದನ್ನು ಎಳೆದೇ ಇಲ್ಲ. ಇನ್ನು ಕೆಲವರು ಒಮ್ಮೆ ಎಳೆದು, ಒಣ ಡಾಂಬರಿನ ಮೇಲೆ ಹುಬ್ಬಳ್ಳಿ ತನಕ ಹಾಗೇ ಹೋಗಿ, “ತಿರುವಿನ್ಯಾಗ ಗಾಡಿ ಬಿಗಿತೈತ್ರೀ” ಅಂತ ಮೆಕ್ಯಾನಿಕ್ಕನ ಜೀವ ತಿಂದಿದ್ದಾರೆ. ಬಿಗಿಯದೆ ಏನು ಮಾಡೀತು? ತಿರುವಿನಲ್ಲಿ ಮುಂದಿನ ಗಾಲಿಗಳು ಹೆಚ್ಚು ದೂರ ಸುತ್ತಬೇಕು, ಹಿಂದಿನವು ಕಡಿಮೆ. ಲಿವರ್ ಎಳೆದಾಗ ಮುಂದಿನ ಶಾಫ್ಟಿಗೂ ಹಿಂದಿನದಕ್ಕೂ ಗಂಟು ಬಿದ್ದಿರುತ್ತದೆ. ಮಣ್ಣಿನಲ್ಲಾದರೆ ಗಾಲಿ ಸ್ವಲ್ಪ ಜಾರಿ ಹೊಂದಿಸಿಕೊಳ್ಳುತ್ತದೆ, ಡಾಂಬರು ಜಾರಗೊಡುವುದಿಲ್ಲ. ಆ ತಿಕ್ಕಾಟವೆಲ್ಲ ಒಳಗಿನ ಗೇರಿನ ಮೇಲೆ.

ಶೀಗಿ ಹುಣ್ಣಿವಿಯ ಚರಗದ ದಿನ ನೋಡಬೇಕು ಈ ಮೇಳ. ಮೊದಲೆಲ್ಲ ಚಕ್ಕಡಿ ಹೂಡಿ, ಎತ್ತಿಗೆ ಜೂಲ ಹಾಕಿ, ಮನೆ ಮಂದಿಯೆಲ್ಲ ಹೊಲಕ್ಕೆ ಹೋಗುತ್ತಿದ್ದರು. ಈಗ ಚಕ್ಕಡಿಯ ಜಾಗಕ್ಕೆ ಥಾರ್. ಹಿಂದಿನ ಸೀಟಿನಲ್ಲಿ ಕರಿಗಡಬು, ಎಣ್ಣಗಾಯಿ, ಪುಂಡಿಪಲ್ಯ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯ ಬುಟ್ಟಿ. ಬುಟ್ಟಿಯ ಸಂದಿಯಲ್ಲಿ ಅವ್ವ. ಹಿಂಗಾರಿ ಮಳೆ ಹಿಂದಿನ ರಾತ್ರಿಯೇ ಹೊಡೆದಿರುತ್ತದೆ. ಅಪ್ಪ ಡಾಂಬರಿನ ಅಂಚಿಗೆ ನಿಲ್ಲಿಸು, ನಡಕೊಂತ ಹೋಗೋಣ ಅನ್ನುತ್ತಾನೆ. ಮಗ ಅಪ್ಪನ ಅಜ್ಞಾನಕ್ಕೆ ಮರುಗಿ ಆಕ್ಸಿಲೇಟರ್ ಒತ್ತುತ್ತಾನೆ. ಇಪ್ಪತ್ತು ಮಾರು ಹೋದ ಮೇಲೆ ಗಾಡಿಯ ಹೊಟ್ಟೆ ನೆಲಕ್ಕೆ ಕೂಡುತ್ತದೆ. ಆಗಲಾದರೂ ಕಾಲು ತೆಗೆಯಬೇಕೋ ಬೇಡವೋ? ಇನ್ನೂ ಒತ್ತುತ್ತಾನೆ. ಕೆಸರು ಹಾರಿ ಹಿಂದೆ ನೂಕುತ್ತಿದ್ದ ಬೀಗರ ಬಿಳಿ ಅಂಗಿಗೆ ಚುಕ್ಕಿ ಇಡುತ್ತದೆ.

ಆಮೇಲೆ ಟ್ರ್ಯಾಕ್ಟರಿನವನು ಬರುತ್ತಾನೆ. ಅವಸರ ಇಲ್ಲ ಅವನಿಗೆ. ಇಳಿದು, ಬೀಡಿ ಹಚ್ಚಿ, ಸುತ್ತ ಒಂದು ಪ್ರದಕ್ಷಿಣೆ.

“ಸಾಹೇಬ್ರ, ನಾಕೂ ಗಾಲಿ ತಿರಗತಾವ?”

“ತಿರಗತಾವ.”

“ಅದಕ್ಕ ನಾಕೂ ಕಡೆ ತೆಗ್ಗು ತೋಡೀರಿ. ಎರಡ ತಿರಗಿದ್ರ ಎರಡ ತೆಗ್ಗಿಗೆ ಮುಗೀತಿತ್ತು.”

ಆಫ್‌ರೋಡ್ ತರಬೇತಿಯ ಅರ್ಧ ಪಾಠ ಈ ಎರಡು ಸಾಲಿನಲ್ಲಿ ಬಂತು. ನಾಲ್ಕು ಗಾಲಿಗೆ ಶಕ್ತಿ ಹೋಗುತ್ತದೆ ಅಂದರೆ ನಾಲ್ಕಕ್ಕೂ ಹಿಡಿತ ಸಿಗುತ್ತದೆ ಅಂತಲ್ಲ. ಹಿಡಿತ ಕೊಡುವುದು ನೆಲ, ಕಂಪನಿಯಲ್ಲ. ಬ್ರೇಕು ಹಾಕುವಾಗಂತೂ ಫೋರ್ ಬೈ ಫೋರಿಗೂ ಮಾಮೂಲಿ ಕಾರಿಗೂ ಗಾಲಿ ನಾಲ್ಕೇ. ಟ್ರ್ಯಾಕ್ಟರಿನವನ ಬಲ ಹಿಮ್ಮಡಿಯ ಹತ್ತಿರ ಇರುವ ಆ ಪುಟ್ಟ ಡಿಫರೆನ್ಶಿಯಲ್ ಲಾಕ್ ಪೆಡಲಿನಲ್ಲಿದೆ. ಒಂದು ಗಾಲಿ ಸುಮ್ಮನೆ ತಿರುಗಿ ಇನ್ನೊಂದು ನಿಂತಾಗ ಅದನ್ನು ಒತ್ತಿದರೆ ಎರಡೂ ಕೂಡಿ ತಿರುಗುತ್ತವೆ. ನೆಟ್ಟಗೆ ಹೋಗುವಾಗ ಮಾತ್ರ ಒತ್ತಬೇಕು, ಹೊರಳುವಾಗ ಬಿಡಬೇಕು ಅಂತ ಅವನಿಗೆ ಯಾರೂ ಸರ್ಟಿಫಿಕೇಟ್ ಕೊಟ್ಟು ಹೇಳಿಕೊಟ್ಟಿಲ್ಲ. ಲಕ್ಷಾಂತರ ರೂಪಾಯಿಯ ಗಾಡಿಯವನಿಗೆ ತನ್ನ ಗಾಡಿಯಲ್ಲಿ ಅಂಥದು ಇದೆಯೋ ಇಲ್ಲವೋ ಅನ್ನುವುದೇ ಪತ್ತೆ ಇಲ್ಲ.

ಎಳೆಯುವಾಗಿನ ಪ್ರಹಸನವನ್ನು ಪೂರ್ತಿ ಹೇಳುವುದಿಲ್ಲ. ಹಗ್ಗವನ್ನು ಆ ಹೊಸ ಕಬ್ಬಿಣದ ಬಂಪರಿಗೇ ಕಟ್ಟುತ್ತಾರೆ. ಟ್ರ್ಯಾಕ್ಟರ್ ಎಳೆಯುತ್ತದೆ. ಬಂಪರು ಬರುತ್ತದೆ. ಗಾಡಿ ಅಲ್ಲೇ. ನಗುವುದೇನೋ ಸರಿ, ಆದರೆ ಇದೊಂದು ಜಾಗದಲ್ಲಿ ನನಗೆ ತಮಾಷೆ ಮಾಡಲು ಮನಸ್ಸು ಬರುವುದಿಲ್ಲ. ಬಿಗಿದ ಉಕ್ಕಿನ ಹಗ್ಗವೋ ಕಿತ್ತು ಬಂದ ಕೊಕ್ಕೆಯೋ ಹಾರಿ ಬಂದರೆ ಎದುರಿಗಿದ್ದವನ ತಲೆ ಉಳಿಯುವುದಿಲ್ಲ. ತರಬೇತಿಯಲ್ಲಿ ಇದನ್ನು ಬೈದು ಕಲಿಸುತ್ತಾರೆ: ಹಗ್ಗ ಕಟ್ಟುವುದು ಚಾಸಿಗೆ ಬಿಗಿದ ಕೊಕ್ಕೆಗೆ, ಹಗ್ಗದ ಮೇಲೆ ನಡುವೆ ಕಂಬಳಿಯೋ ದಪ್ಪ ಚೀಲವೋ ಹಾಕಬೇಕು, ಹಗ್ಗದ ಸಾಲಿನಲ್ಲಿ ಯಾರೂ ನಿಲ್ಲಬಾರದು. ನಮ್ಮಲ್ಲಿ ಹಗ್ಗದ ಸಾಲಿನಲ್ಲಿ ಅರ್ಧ ಊರೇ ನಿಂತಿರುತ್ತದೆ, ವಿಡಿಯೋ ಮಾಡಲಿಕ್ಕೆ.

ಇನ್ನು ಬೆಣ್ಣೆಹಳ್ಳ. ಹೆಸರು ನೋಡಿ ಮೋಸ ಹೋಗಬಾರದು. ಶಿಗ್ಗಾಂವಿ ಕಡೆ ಹುಟ್ಟಿ, ಕುಂದಗೋಳ, ನವಲಗುಂದ ಸೀಮೆಯ ನೀರನ್ನೆಲ್ಲ ಕಟ್ಟಿಕೊಂಡು ಬಂದು ರೋಣ ತಾಲೂಕಿನಲ್ಲಿ ಮಲಪ್ರಭೆಗೆ ಸೇರುತ್ತದೆ. ಮಳೆ ಅಲ್ಲಿ, ಮಹಾಪೂರ ಇಲ್ಲಿ. ನಮ್ಮ ತಲೆಯ ಮೇಲೆ ಬಿಸಿಲು ಕಾಯುತ್ತಿರುವಾಗಲೇ ಹಳ್ಳ ಕೆಂಪಗೆ ಏರಿ ಬಂದಿರುತ್ತದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ನರಗುಂದ ತಾಲೂಕಿನ ಕೊಣ್ಣೂರು, ರೋಣದ ಹೊಳೆಆಲೂರು ನೀರಾದದ್ದನ್ನು ಮಂದಿ ಇನ್ನೂ ಮರೆತಿಲ್ಲ. ಆದರೂ ಸೇತುವೆಯ ಮೇಲೆ ನೀರು ಬಂದಾಗ ಎಲ್ಲರಿಗಿಂತ ಮುಂದೆ ಹೋಗಿ ನಿಲ್ಲುವುದು ಸ್ನಾರ್ಕೆಲ್ ಹಾಕಿಸಿದ ಗಾಡಿ. ಆ ಸ್ನಾರ್ಕೆಲ್ಲುಗಳಲ್ಲಿ ಎಷ್ಟು ನಿಜವಾಗಿ ಎಂಜಿನ್ನಿಗೆ ಗಾಳಿ ಒಯ್ಯುತ್ತವೆ, ಎಷ್ಟು ನಾಲ್ಕು ಸ್ಕ್ರೂ ಹೊಡೆದು ಅಂಟಿಸಿದ ಅಲಂಕಾರ ಅನ್ನುವುದನ್ನು ಮಾಲಕನಿಗಿಂತ ಸ್ಟಿಕ್ಕರ್ ಅಂಗಡಿಯವನು ಚೆನ್ನಾಗಿ ಬಲ್ಲ.

ಥಾರ್ 650 ಮಿಲಿಮೀಟರ್ ನೀರಿನಲ್ಲಿ ನಡೆಯುತ್ತದೆ ಅಂತ ಕಂಪನಿ ಹೇಳಿದೆ. ನಿಜವೇ ಇರಬೇಕು. ಆದರೆ ಆ ಲೆಕ್ಕ ನಿಂತ ನೀರಿಗೆ, ಗಟ್ಟಿ ತಳಕ್ಕೆ, ನಿಧಾನ ಹೋಗುವವನಿಗೆ. ಹರಿಯುವ ನೀರು ಎರಡು ಅಡಿ ಏರಿದರೆ ದೊಡ್ಡ ಗಾಡಿಗಳನ್ನೂ ತೇಲಿಸಿ ಬದಿಗೆ ಒಯ್ಯುತ್ತದೆ. ತೇಲಿದ ಗಾಲಿಗೆ ಲೋ ಗೇರಾದರೇನು, ಹೈ ಗೇರಾದರೇನು. ಎಂಜಿನ್ ಒಮ್ಮೆ ನೀರು ಎಳೆದುಕೊಂಡಿತೋ, ಪಿಸ್ಟನ್ನು ಗಾಳಿಯನ್ನು ಒತ್ತಿದಂತೆ ನೀರನ್ನು ಒತ್ತಲಾರದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರಿನಲ್ಲಿ ಬಂದಾದ ಗಾಡಿಗೆ ಮತ್ತೆ ಮತ್ತೆ ಸೆಲ್ಫ್ ಹೊಡೆಯಬಾರದು ಅನ್ನುವುದು ಮೊದಲ ದಿನದ ಪಾಠ. ನಮ್ಮವರು ಬ್ಯಾಟರಿ ಸಾಯುವ ತನಕ ಹೊಡೆಯುತ್ತಾರೆ. ಇಳಿದು ಕೋಲು ಹಾಕಿ ಆಳ ನೋಡು ಅಂದರೆ “ಪ್ಯಾಂಟು ತೋಯ್ತೈತ್ರೀ” ಅನ್ನುತ್ತಾರೆ.

ಇಳಿಯುವುದಕ್ಕೇ ಬೇಜಾರು. ಹಳೆ ಜೀಪು, ಜಿಪ್ಸಿಗಳಲ್ಲಿ ಕೆಲವಕ್ಕೆ ಮುಂದಿನ ಗಾಲಿಯ ಹಬ್ಬನ್ನು ಕೈಯಿಂದಲೇ ತಿರುವಿ ಲಾಕ್ ಮಾಡಬೇಕಿತ್ತು. ಅಂದರೆ ಕೆಸರಿಗೆ ನುಗ್ಗುವ ಮೊದಲು ಡ್ರೈವರ್ ಇಳಿಯಲೇಬೇಕು, ಕೂಡಲೇಬೇಕು, ನೆಲಕ್ಕೆ ಮೂಗು ಹತ್ತಿರ ತರಲೇಬೇಕು. ಅಷ್ಟು ಹೊತ್ತಿಗೆ ಅವನಿಗೇ ತಿಳಿಯುತ್ತಿತ್ತು, ಹೋಗಬೇಕೋ ತಿರುಗಬೇಕೋ. ಈಗ ಎಸಿ ಹಾಕಿಕೊಂಡು ಕೂತಲ್ಲೇ ಎಲ್ಲ. ನನ್ನನ್ನು ಕೇಳಿದರೆ ಗಾಡಿಗಳಿಗೆ ಆದ ದೊಡ್ಡ ಅನ್ಯಾಯ ಇದೇ.

ಗಜೇಂದ್ರಗಡದ ಕಡೆ ಹೋದರೆ ಪಾಠ ಬದಲಾಗುತ್ತದೆ. ಅಲ್ಲಿ ಕಲ್ಲು, ಮೊರಂ, ಗುಡ್ಡ, ಗುಡ್ಡದ ಮೇಲೆ ಗಾಳಿಯ ಫ್ಯಾನು. ನರಗುಂದದಲ್ಲಿ 1785ರಲ್ಲಿ ಹೊತ್ತಿದ ಜಗಳವನ್ನು ಟಿಪ್ಪುವಿನವರೂ ಮರಾಠರೂ 1787ರಲ್ಲಿ ಗಜೇಂದ್ರಗಡದ ಒಪ್ಪಂದದಲ್ಲಿ ಮುಗಿಸಿಕೊಂಡರು. ಆ ಗುಡ್ಡದ ಜೊತೆ ನಮ್ಮ ಹುಡುಗರದ್ದು ಇನ್ನೂ ಒಪ್ಪಂದ ಆಗಿಲ್ಲ. ಇಳುಕಲಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಹಾಕುವ ಪುಣ್ಯಾತ್ಮರಿದ್ದಾರೆ. ಸಡಿಲು ಕಲ್ಲಿನ ಮೇಲೆ ಲೋ ರೇಂಜಿನ ಮೊದಲ ಗೇರಿನಲ್ಲಿ, ಕ್ಲಚ್ಚು ಮುಟ್ಟದೆ, ಎಂಜಿನ್ನೇ ಹಿಡಿದು ಇಳಿಸಬೇಕು. ಏರು ಹತ್ತುವಾಗ ನಡುವೆ ನಿಂತರೆ ಗಾಡಿಯನ್ನು ಅಡ್ಡ ತಿರುಗಿಸಬಾರದು, ಉರುಳುತ್ತದೆ. ರಿವರ್ಸ್ ಹಾಕಿ ಬಂದ ದಾರಿಯಲ್ಲೇ ನೆಟ್ಟಗೆ ಇಳಿಯಬೇಕು. ಹೆಬ್ಬೆರಳನ್ನು ಸ್ಟೇರಿಂಗಿನ ಒಳಗೆ ಸಿಕ್ಕಿಸಬಾರದು. ಗಾಲಿ ಕಲ್ಲಿಗೆ ಹೊಡೆದು ಸ್ಟೇರಿಂಗ್ ಒದ್ದರೆ ಬೆರಳು ಮುರಿಯುತ್ತದೆ. ಇದರಲ್ಲಿ ಯಾವುದೂ ಬ್ರಹ್ಮವಿದ್ಯೆಯಲ್ಲ. ಒಂದೆರಡು ದಿನ ಯಾರಾದರೂ ಪಕ್ಕದಲ್ಲಿ ಕೂತು ಹೇಳಿದರೆ ಸಾಕು.

ಹೇಳುವವರು ಎಲ್ಲಿದ್ದಾರೆ ಅಂತೀರೇನು? ನಾಶಿಕ ಜಿಲ್ಲೆಯ ಇಗತಪುರಿಯಲ್ಲಿ ಮಹೀಂದ್ರಾದವರೇ ಆಫ್‌ರೋಡ್ ತರಬೇತಿಗೆ ಅಕಾಡೆಮಿ ಮಾಡಿದ್ದಾರೆ. ನಮ್ಮ ರಾಜ್ಯದಲ್ಲಿ, ಡಕಾರ್ ರ‍್ಯಾಲಿಗೆ 2015ರಲ್ಲಿ ಹೋದ ಸಿ.ಎಸ್. ಸಂತೋಷ್ ಕೋಲಾರದ ಕಡೆ ಬಿಗ್ ರಾಕ್ ಅಂತ ಮಣ್ಣಿನ ಹಾದಿಯ ಶಾಲೆ ಕಟ್ಟಿದರು. ಆದರೆ ಅದು ಬೈಕಿನವರಿಗೆ. ನಮ್ಮವರು ಶಿರಡಿ ತನಕ ಹೋದರೂ ಇಗತಪುರಿಯ ದಾರಿ ಹಿಡಿಯುವುದಿಲ್ಲ. ಅದಕ್ಕೇ ನನ್ನ ವಿಚಾರ ಇಷ್ಟು: ಶಾಲೆ ಇಲ್ಲೇ ತೆಗೆಯಬೇಕು. ರೋಣದಲ್ಲಿ ಕೆಸರಿನ ಕ್ಲಾಸು, ಗಜೇಂದ್ರಗಡದಲ್ಲಿ ಕಲ್ಲಿನ ಕ್ಲಾಸು, ನರಗುಂದದಲ್ಲಿ ಹಳ್ಳದ ದಂಡೆಗೆ ಕೂತು ‘ಇವತ್ತು ದಾಟಬಾರದು’ ಅನ್ನುವ ಕ್ಲಾಸು. ಮಾಸ್ತರಿಕೆ ಟ್ರ್ಯಾಕ್ಟರಿನವನಿಗೆ, ಎಳೆದು ತೆಗೆಯುವುದರಲ್ಲಿ ಅವನಿಗೆ ಇರುವ ಅನುಭವ ಇಗತಪುರಿಯಲ್ಲೂ ಸಿಗಲಿಕ್ಕಿಲ್ಲ. ಆದರೆ ಅವನು ಒಪ್ಪುವುದು ಕಷ್ಟ. ಎಲ್ಲರೂ ಕಲಿತರೆ ಅವನ ಶೀಗಿ ಹುಣ್ಣಿವಿಯ ಗಳಿಕೆ ಎಲ್ಲಿ ಹೋಗಬೇಕು?

ಫೀ ಯಾರು ಕೊಡುತ್ತಾರೆ ಅನ್ನುವುದು ಇನ್ನೊಂದು ತಕರಾರು. ಬಂಪರಿಗೆ ಕೊಟ್ಟವರು ಪಾಠಕ್ಕೆ ಕೊಡುವುದಿಲ್ಲ, ಪಾಠ ಗಾಡಿಯ ಮೇಲೆ ಕಾಣುವುದಿಲ್ಲವಲ್ಲ. ಅದಕ್ಕೂ ಒಂದು ಉಪಾಯ ಇದೆ. ಈಗ ವರ ನೋಡಲು ಬಂದವರು “ಹುಡುಗಗ ಥಾರ್ ಐತಿ” ಅಂದ ಕೂಡಲೆ ಅರ್ಧ ಒಪ್ಪುತ್ತಾರೆ. ಹೆಣ್ಣಿನ ಅಪ್ಪ ಅವಲಕ್ಕಿ ತಟ್ಟೆ ಪಕ್ಕಕ್ಕಿಟ್ಟು ಒಂದೇ ಮಾತು ಕೇಳಲಿ: “ಭಾಳ ಚಲೋ ಆತು. ಲೋ ಗೇರು ಯಾವಾಗ ಹಾಕ್ತೀಯಪಾ?” ಹುಡುಗ ಅವ್ವನ ಮುಖ ನೋಡಿದರೆ, ತಟ್ಟೆ ಖಾಲಿ ಮಾಡಿ, ಕೈ ತೊಳಕೊಂಡು, “ವಿಚಾರ ಮಾಡಿ ತಿಳಸ್ತೇವ್ರೀ” ಅಂತ ಎದ್ದರಾಯಿತು. ಮುಂದಿನ ಮುಂಗಾರಿಗೆ ಶಾಲೆಯ ಮುಂದೆ ಪಾಳಿ ಹಚ್ಚುತ್ತಾರೆ.