ಹೈಬ್ರಿಡ್ ಕ್ರಯ ಮೀಮಾಂಸೆ

ಸಂಬಳದ ದಿನ ಹುಟ್ಟಿ, ಹತ್ತನೇ ತಾರೀಖಿನೊಳಗೆ ಲಯವಾಗುವ ಸಂಕಲ್ಪಗಳಲ್ಲೆಲ್ಲ ಹೈಬ್ರಿಡ್ ಕಾರು ಕೊಳ್ಳುವ ಸಂಕಲ್ಪವೇ ಶ್ರೇಷ್ಠವೆಂದು ಮಧ್ಯಮವರ್ಗದ ಪೂರ್ವಾಚಾರ್ಯರ ಮತ. ಆ ಲಯದ ಕಾರಣನಿರ್ಣಯವೇ ಈ ಗ್ರಂಥದ ವಿಷಯ. ಪ್ರಯೋಜನ, ಹೆಂಡತಿಗೆ ಉತ್ತರ ಕೊಡುವುದು. ಅಧಿಕಾರಿ, ಸಿಬಿಲ್ ಸ್ಕೋರು ನೆಟ್ಟಗಿರುವ ಗೃಹಸ್ಥ. ಸಂಬಂಧ, ಬ್ಯಾಂಕಿನೊಂದಿಗೆ.

ಹೈಬ್ರಿಡ್ ಎಂಬುದು ಸ್ಪಷ್ಟವಾಗಿ ದ್ವೈತಿ. ಪೆಟ್ರೋಲ್ ಎಂಜಿನ್ನೂ ವಿದ್ಯುತ್ ಮೋಟಾರೂ ನಿತ್ಯಭಿನ್ನ; ಬಾನೆಟ್ಟು ಮಾತ್ರ ಒಂದೇ. ಬ್ರೇಕ್ ಒತ್ತಿದಾಗ ಉಳಿದ ಕಾರುಗಳು ಬಿಸಿ ಮಾಡಿ ಗಾಳಿಗೆ ಬಿಡುವ ಶಕ್ತಿಯನ್ನು ಇದು ಬ್ಯಾಟರಿಗೆ ತುಂಬಿಕೊಳ್ಳುತ್ತದೆ. ಆದ್ದರಿಂದ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚಾದ ಊರಿನಲ್ಲಿ ಇದರ ಮಹಿಮೆ ಹೆಚ್ಚು. ಪ್ರಿಯಸ್ 1997ರಲ್ಲಿ ಅವತರಿಸಿದ್ದು ಜಪಾನಿನಲ್ಲಾದರೂ ಅದರ ಪುಣ್ಯಕ್ಷೇತ್ರ ಸಿಲ್ಕ್ ಬೋರ್ಡ್ ಜಂಕ್ಷನ್ ಎಂಬುದರಲ್ಲಿ ನಮಗೆ ಸಂಶಯವಿಲ್ಲ.

ಪ್ರಮಾಣಗಳು ಆರು. ಪ್ರತ್ಯಕ್ಷಕ್ಕೆ ಟೆಸ್ಟ್ ಡ್ರೈವ್ ಇದೆ. ಶಬ್ದಕ್ಕೆ ಷೋರೂಮಿನ ಹುಡುಗನಿದ್ದಾನೆ: "ಸಾರ್, ಹೈರೈಡರ್ ಲೀಟರಿಗೆ 27.97 ಕೊಡುತ್ತೆ ಸಾರ್." ಈ ವಾಕ್ಯ ಅಪೌರುಷೇಯವೇ ಇರಬೇಕು, ನಾವು ಕಂಡ ಯಾವ ಪುರುಷನ ಕಾಲಿಗೂ ಆ ಅಂಕಿ ಸಿಕ್ಕಿಲ್ಲ. ಅನುಪಲಬ್ಧಿಯು ತಿಂಗಳ ಕೊನೆಯ ವಾರ ತಾನಾಗಿಯೇ ಸಿದ್ಧಿಸುತ್ತದೆ. ಆದರೆ ನಿಜವಾಗಿ ಕೆಲಸಕ್ಕೆ ಬರುವುದು ಅರ್ಥಾಪತ್ತಿ. ಶಾಸ್ತ್ರದ ದೇವದತ್ತ ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ. ಅಂದಮೇಲೆ ರಾತ್ರಿ ಉಣ್ಣುತ್ತಾನೆ. ನಮ್ಮ ಅಪಾರ್ಟ್‌ಮೆಂಟಿನ ದೇವದತ್ತನಿಗೆ ನಮ್ಮಷ್ಟೇ ಸಂಬಳ, ಆದರೂ ಬೇಸ್‌ಮೆಂಟಿನಲ್ಲಿ ಇನ್ನೋವಾ ಹೈಕ್ರಾಸ್ ನಿಂತಿದೆ. ಅಂದಮೇಲೆ ಅವನಿಗೆ ಮಾವನಿದ್ದಾನೆ, ಮಾವನಿಗೆ ದೇವನಹಳ್ಳಿ ಕಡೆ ಜಮೀನಿದೆ. ಉಳಿದ ಎರಡು ಪ್ರಮಾಣಗಳನ್ನು ಬಿಟ್ಟರೂ ನಷ್ಟವಿಲ್ಲ.

ಇನ್ನು ಗಣಿತಪಾದ. ಪೆಟ್ರೋಲ್ ಮಾದರಿಗಿಂತ ಹೈಬ್ರಿಡ್‌ಗೆ ಎರಡೂವರೆ ಲಕ್ಷ ಹೆಚ್ಚೆಂದು ಕಲ್ಪಿಸೋಣ. ಹತ್ತರಿಂದ ಇಪ್ಪತ್ತು ಲಕ್ಷದ ಕಾರಿಗೆ ಕರ್ನಾಟಕದ ಜೀವಿತಾವಧಿ ತೆರಿಗೆ ಶೇ 17, ಆ ತೆರಿಗೆಯ ಮೇಲೆ ಶೇ 11 ಸೆಸ್. ಅಂದರೆ ಬರೀ ವ್ಯತ್ಯಾಸದ ಮೇಲೆಯೇ 47,175 ರೂಪಾಯಿ. (ಉತ್ತರ ಪ್ರದೇಶ 2024ರಲ್ಲಿ ಹೈಬ್ರಿಡ್‌ಗೆ ನೋಂದಣಿ ತೆರಿಗೆ ಮನ್ನಾ ಮಾಡಿತು. ಕಾಶೀಯಾತ್ರೆಗೆ ಇಷ್ಟು ಬಲವಾದ ಲೌಕಿಕ ಕಾರಣ ಹಿಂದೆಂದೂ ಇರಲಿಲ್ಲ.) ಒಟ್ಟು 2,97,175. ತಿಂಗಳಿಗೆ ಸಾವಿರ ಕಿ.ಮೀ. ಓಡಿಸಿ, ಊರೊಳಗೆ ಪೆಟ್ರೋಲ್ ಕಾರು 12, ಹೈಬ್ರಿಡ್ 20 ಕೊಟ್ಟರೆ ವರ್ಷಕ್ಕೆ 400 ಲೀಟರ್ ಉಳಿತಾಯ. ಲೀಟರಿಗೆ 103 ರೂಪಾಯಿಯಂತೆ 41,200. ಏಳು ವರ್ಷ ಚಿಲ್ಲರೆಗೆ ಅಸಲು ತೀರಿತು!

ಇಲ್ಲಿ ಪೂರ್ವಪಕ್ಷಿಯಾದ ಹೆಂಡತಿ, ಸೊಪ್ಪು ಬಿಡಿಸುತ್ತಲೇ ಕೇಳುತ್ತಾಳೆ: "ಬಡ್ಡೀನ ನಿಮ್ಮಪ್ಪ ಕಟ್ತಾರಾ?" ಅಪ್ಪನ ವಿಷಯ ಅಪ್ರಸ್ತುತವಾದರೂ ಆಕ್ಷೇಪ ಪ್ರಸ್ತುತ. ಶೇ 9ರ ಸಾಲವೆಂದು ಹಿಡಿದು, ಪೆಟ್ರೋಲಿನಲ್ಲಿ ಉಳಿದದ್ದನ್ನೆಲ್ಲ ವರ್ಷವರ್ಷವೂ ಸಾಲಕ್ಕೇ ಸುರಿದರೂ ತೀರುವಷ್ಟರಲ್ಲಿ ಹನ್ನೆರಡು ವರ್ಷ ದಾಟುತ್ತದೆ. ಟೊಯೊಟಾ ಬ್ಯಾಟರಿಯ ವಾರಂಟಿಯೋ ಎಂಟು ವರ್ಷ. ನಡುವಿನ ನಾಲ್ಕು ವರ್ಷಗಳ ಬಗ್ಗೆ ಎಂಜಿನಿಯರಿಂಗ್ ಗ್ರಂಥಗಳಿಗಿಂತ ಪಂಚಾಂಗವನ್ನು ನೋಡುವುದು ಮೇಲು.

ಸಿದ್ಧಾಂತಿಗಳು ಹೇಳುವುದು: ದೋಷ ಕಾರಿನದಲ್ಲ, ಮನೆಯಲ್ಲಿ ಕೂರುವವನದು. ಕಿಲೋಮೀಟರಿಗೆ ಮೂರೂವರೆ ರೂಪಾಯಿಯ ಹತ್ತಿರ ಉಳಿಯುವುದರಿಂದ ತಿರುಗಿದಷ್ಟೂ ಲಾಭ. ಬಡ್ಡಿಯನ್ನು ಪಕ್ಕಕ್ಕಿಟ್ಟು ಮೂರೇ ವರ್ಷದಲ್ಲಿ ಹಣ ವಾಪಸಾಗಬೇಕಿದ್ದರೆ ದಿನಕ್ಕೆ 79 ಕಿ.ಮೀ. ತಿರುಗಬೇಕು, ಭಾನುವಾರವೂ ಸೇರಿ. ಆಫೀಸು ಏಳು ಕಿ.ಮೀ. ದೂರವಿರುವವನು ಎಲ್ಲಿಗೆ ಹೋಗಬೇಕು? ಬಿಡದಿಗೆ. ಕಾರು ಹುಟ್ಟಿದ ಕಾರ್ಖಾನೆ ಅಲ್ಲಿದೆ, ತಟ್ಟೆ ಇಡ್ಲಿಯೂ ಅಲ್ಲಿದೆ. ಹೋಗಿಬಂದರೆ ಎಪ್ಪತ್ತರ ಆಸುಪಾಸು. ಉಳಿದದ್ದು ಪಾರ್ಕಿಂಗ್ ಹುಡುಕುವುದರಲ್ಲಿ ಆಗುತ್ತದೆ. ಎಕ್ಸ್‌ಪ್ರೆಸ್‌ವೇ ಹತ್ತಕೂಡದು. ಅಲ್ಲಿ ಬ್ರೇಕಿಗೆ ಕೆಲಸವಿಲ್ಲ, ಬ್ಯಾಟರಿಗೆ ಆಹಾರವಿಲ್ಲ, ಮೇಲೆ ಟೋಲ್ ಬೇರೆ. ಕೆಂಗೇರಿಯ ಟ್ರಾಫಿಕ್ಕಿನಲ್ಲಿ ತೆವಳಿಯೇ ಸಾಗಬೇಕು.

ಈ ಯೋಜನೆಯಲ್ಲಿ ನಿತ್ಯದ ಇಡ್ಲಿಯ ಖರ್ಚನ್ನು ಉಳಿತಾಯದಿಂದ ಕಳೆಯಬೇಕೋ ಬೇಡವೋ ಎಂಬುದರಲ್ಲಿ ಎರಡು ಪಂಥಗಳಿವೆ. ತಿಂಡಿ ಮನೆಯಲ್ಲೂ ತಿನ್ನಲೇಬೇಕಲ್ಲ ಎಂದು ನಮ್ಮ ಪಂಥ. ಮನೆಯಲ್ಲಿ ಎರಡೇ ತಿನ್ನುತ್ತಿದ್ದಿರಿ ಎಂದು ಪೂರ್ವಪಕ್ಷ. ಎರಡನೇ ಸಲ ಹಾಕಿಸಿಕೊಳ್ಳುವ ಚಟ್ನಿಗೆ ದುಡ್ಡಿಲ್ಲವಾದ್ದರಿಂದ ಅದನ್ನು ಉಭಯಪಕ್ಷಗಳೂ ಲೆಕ್ಕದಿಂದ ಕೈಬಿಟ್ಟಿವೆ.